ಕಡಲ ಕಡೆಯಿಂದ ಬಂದ ಗಿಡ

ಕಾಲರ್ ಅಕ್ಕನ ಗಂಡನನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಅವನ ಬಗ್ಗೆ ಏನು ಬರೆದರೂ ಅದರಲ್ಲಿ ಸ್ವಲ್ಪ ಉಪ್ಪುಖಾರ ಹೆಚ್ಚಾಗಿಯೇ ಇರುತ್ತದೆ, ತಿಳಿದಿರಲಿ. ಅವನು ಕುಡುಕನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಬೀದಿಯಲ್ಲಿ ಯಾರನ್ನು ಕೇಳಿದರೂ "ಅಯ್ಯೋ, ಎಂಥಾ ಒಳ್ಳೆ ಮನುಷ್ಯ" ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ, ಬಾಯಿ ತುಂಬಾ 'ಭಾವ, ಭಾವ' ಎಂದು ಕರೆಯುತ್ತಿದ್ದೆ. ನನ್ನ ಸಿಟ್ಟಿನ ಅರ್ಧ ಪಾಲು ಅದಕ್ಕೇ.

ಅಕ್ಕ ಅಂದರೆ ಒಡಹುಟ್ಟಿದ ಅಕ್ಕನಲ್ಲ. ನಾವಿಬ್ಬರೂ ಶಾಲಾ ಯೂನಿಫಾರ್ಮ್ ಹೊಲಿಯುವ ಕಡೆ ಅಕ್ಕಪಕ್ಕದ ಮಷಿನ್‌ನವರು. ಬೇಕರಿಯ ಮೇಲಿನ ಮಹಡಿ, ಕಿರಿದಾದ ಮರದ ಮೆಟ್ಟಿಲು, ಸಾಲಾಗಿ ಮಷಿನ್‌ಗಳು, ಕಿಟಕಿಯ ತುದಿಯವರೆಗೂ ನೀಲಿ ಬಟ್ಟೆಯ ಥಾನು. ಬೆಳಿಗ್ಗೆ ಬಿಸಿ ಬ್ರೆಡ್ಡಿನ ವಾಸನೆ, ಮಧ್ಯಾಹ್ನ ಮಷಿನ್ ಎಣ್ಣೆಯ ವಾಸನೆ. ನಾನು ಲಂಗದ ನೆರಿಗೆ ಹಿಡಿಯುವವಳು. ಅಕ್ಕ ಕಾಲರ್. ಬರೀ ಕಾಲರ್. ಮದುವೆಗೆ ಮುಂಚೆ ಸೇರಿದವಳು, ಅಂದಿನಿಂದ ಅದೇ ಬಿಳಿ ಕಾಲರ್, ಅದೇ ಮೂಲೆ, ಅದೇ ತಿರುವು. ಮೂಲೆ ಅಷ್ಟು ಚೂಪಾಗಿ ತಿರುಗಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ, ಹಾಗಾಗಿ ಬೇರೆ ಕೆಲಸ ಕೊಡುವ ಮಾತೇ ಬರಲಿಲ್ಲ. ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಸಿಕ್ಕ ಶಿಕ್ಷೆ ಅದು.

ಅಕ್ಕನಿಗೆ ಗಿಡದ ಹುಚ್ಚು. ಎಲ್ಲ ಗಿಡಗಳ ಹುಚ್ಚಲ್ಲ, ಒಂದೇ ಒಂದರ ಹುಚ್ಚು. ಲೋಳೆಸರ ಅಂದ ಕೂಡಲೇ ನಿಮಗೆ ಕೂದಲಿಗೆ, ಸುಟ್ಟ ಗಾಯಕ್ಕೆ ಹಚ್ಚುವ ಆ ದಪ್ಪ ಎಲೆಯ ಗಿಡ ನೆನಪಾಗುತ್ತದೆ. ಇದು ಅದರ ಕುಲದ್ದೇ, ಆದರೆ ಗೇಣುದ್ದಕ್ಕಿಂತ ಮೇಲೇಳುವುದಿಲ್ಲ, ಹಚ್ಚಿಕೊಳ್ಳಲು ಲೋಳೆಯೂ ಹೆಚ್ಚಿಲ್ಲ. ಎಲೆಗಳು ಮೂರೇ ಸಾಲಿನಲ್ಲಿ, ಒಂದರ ಬೆನ್ನಿಗೊಂದು ಅಂಟಿಕೊಂಡು ಬರುತ್ತವೆ. ಪ್ರತಿ ಎಲೆಗೂ ನಡುವೆ ಇಸ್ತ್ರಿ ಮಾಡಿ ಮಡಿಸಿದಂತೆ ಒಂದು ಏಣು. ಕಡುಹಸಿರಿನ ಮೇಲೆ ಅಡ್ಡಡ್ಡ ಬಿಳಿ ಪಟ್ಟೆ, ಅಂಚಿಗೆ ನಾವು ಫ್ರಾಕಿಗೆ ಕೊಡುವ ಪೈಪಿಂಗಿನಂಥ ಬಿಳಿ ಗೆರೆ. ಬೆರಳಾಡಿಸಿದರೆ ಆ ಗೆರೆಯಲ್ಲಿ ಸಣ್ಣ ಸಣ್ಣ ಹಲ್ಲು. ನಾವೆಲ್ಲ ಅದನ್ನು ಪಟ್ಟೆಹುಲಿ ಎನ್ನುತ್ತಿದ್ದೆವು. "ಏನಕ್ಕಾ, ನಿನ್ನ ಹುಲಿ ಊಟ ಮಾಡ್ತಾ?" ಎಂದು ಕೆಣಕಿದರೆ ಅಕ್ಕ ನಗುತ್ತಿರಲಿಲ್ಲ. "ಬೇಸಿಗೆ ಅಲ್ವಾ, ಮಲಗಿದೆ. ಈಗ ನೀರು ಕೊಟ್ರೆ ಬೇರು ಕೊಳೆತು ಹೋಗುತ್ತೆ" ಎಂದು ಗಂಭೀರವಾಗಿ ಉತ್ತರ ಕೊಡುತ್ತಿದ್ದಳು.

ಚಳಿ ಕಳೆಯುವ ಹೊತ್ತಿಗೆ ಗಿಡದ ನಡುವಿನಿಂದ ಒಂದು ಕಡ್ಡಿ ಏಳುತ್ತದೆ. ಅದರ ತುಂಬ ಹವಳದ ಬಣ್ಣದ ಕೊಳವೆ ಹೂಗಳು, ಅರಳಿದ ಮೇಲೆ ತಲೆ ತಗ್ಗಿಸಿ ನಿಲ್ಲುತ್ತವೆ. ಕೆಳಗಿನದು ಮೊದಲು, ಮೇಲಿನದು ಆಮೇಲೆ. ಕತ್ತಾಳೆಯ ಹಾಗೆ ಒಮ್ಮೆ ಹೂ ಬಿಟ್ಟು ಸಾಯುವ ಜಾತಿಯಲ್ಲ ಇದು, ವರ್ಷ ವರ್ಷವೂ ಬಿಡುತ್ತದೆ. ಮಣ್ಣಿನೊಳಗೆ ಹಂಬು ಹರಿಸಿ ಕುಂಡದ ಅಂಚಿನಲ್ಲಿ ಮರಿಯನ್ನೂ ಏಳಿಸುತ್ತದೆ. ಅಕ್ಕ ಆ ಮರಿಗಳನ್ನು ಕಿತ್ತು ಕೇಳಿದವರಿಗೆಲ್ಲ ಹಂಚುತ್ತಿದ್ದಳು. ತನ್ನ ಸ್ವಂತ ತಂಗಿಗೂ ಒಂದನ್ನು ಮಣ್ಣಿನ ಕುಂಡದ ಸಮೇತ ಕೊಟ್ಟಿದ್ದಳು. ತಂಗಿಯ ಮನೆ ದೂರವೇನಲ್ಲ, ಅದೇ ಊರಿನ ನೀರಿನ ಟ್ಯಾಂಕಿನ ಹಿಂದೆ. ಒಂದು ಬೇಸಿಗೆಯಲ್ಲಿ ಅವಳು ಬಂದು "ಸತ್ತೋಯ್ತಕ್ಕಾ ನಿನ್ನ ಗಿಡ, ನೀರು ಜಾಸ್ತಿ ಆಯ್ತು ಅನ್ಸುತ್ತೆ" ಅಂದಾಗ ಅಕ್ಕ ಅವಳಿಗೆ ಬೈದದ್ದು ಅಷ್ಟಿಷ್ಟಲ್ಲ. ತಂಗಿ ತಲೆ ಬಗ್ಗಿಸಿಕೊಂಡು ಎಲ್ಲ ಬೈಗುಳವನ್ನೂ ಕೇಳಿಸಿಕೊಂಡಳು.

"ಇಷ್ಟೊಂದು ಮರಿ ಬರುತ್ತಲ್ಲಕ್ಕಾ, ಮತ್ತೆ ಬೀಜ ಬೀಜ ಅಂತ ಯಾಕೆ ಸಾಯ್ತೀಯ?" ಎಂದು ನಾನೊಮ್ಮೆ ಕೇಳಿದ್ದೆ.

ಅಕ್ಕ ಮಷಿನ್ ನಿಲ್ಲಿಸಿದಳು. "ಮರಿ ಅಂದ್ರೆ ಅದೇ ಗಿಡ ಕಣೇ. ಎಷ್ಟು ಕಿತ್ತಿಟ್ರೂ ಅದೇ ಪಟ್ಟೆ, ಅದೇ ಮುಖ. ನಾನು ದಿನಾ ಹೊಲಿಯೋ ಕಾಲರ್ ಇದ್ದಂಗೆ. ಬೀಜದಿಂದ ಹುಟ್ಟೋದು ಹಂಗಲ್ಲ. ಅಮ್ಮನ ಥರಾನೂ ಇರಲ್ಲ, ಅಪ್ಪನ ಥರಾನೂ ಇರಲ್ಲ. ನನ್ನ ಕೈಯಿಂದ ಒಂದು ಹೊಸದು ಹುಟ್ಟಬೇಕು. ಒಂದೇ ಒಂದು ಸಾಕು. ಅದನ್ನ ನೋಡಿ ಸಾಯ್ತೀನಿ, ಆಯ್ತಾ?"

ಆದರೆ ಆ ಗಿಡಕ್ಕೆ ಒಂದು ಹಟವಿದೆ. ತನ್ನ ಹೂವಿನ ಪರಾಗವನ್ನು ತಾನೇ ಒಪ್ಪುವುದಿಲ್ಲ. ತನ್ನಿಂದ ಕಿತ್ತ ಮರಿ ದೊಡ್ಡದಾಗಿ ಹೂ ಬಿಟ್ಟರೂ ಅದರ ಪರಾಗವನ್ನೂ ಒಪ್ಪುವುದಿಲ್ಲ, ಏಕೆಂದರೆ ಅದೂ ತಾನೇ. ಬೇರೆ ಬೀಜದಿಂದ ಹುಟ್ಟಿದ ಇನ್ನೊಂದು ಗಿಡ ಬೇಕು, ಆಗಲೇ ಕಾಯಿ. ಅಕ್ಕ ಇದನ್ನು ಗ್ರಂಥಾಲಯದ ಯಾವುದೋ ಪುಸ್ತಕದಲ್ಲಿ ಓದಿಕೊಂಡು ಬಂದು ಗಂಡನ ಮುಂದೆ ಕೂತಳು.

ಭಾವನದು ಗುಂಡಿ, ದಾರ, ಜಿಪ್ಪುಗಳನ್ನು ಅಂಗಡಿಗಳಿಗೆ ಹಾಕುವ ಕೆಲಸ. ತಿಂಗಳಿಗೊಮ್ಮೆ ಕಡಲ ಕಡೆಯ ಊರುಗಳಿಗೆ ಹೋಗಿ ಒಂದಷ್ಟು ದಿನ ಇದ್ದು ಬರುತ್ತಿದ್ದ. ಹೊರಡುವ ಹಿಂದಿನ ದಿನ ಅಕ್ಕ ಅವನ ಅಂಗಿಗಳಿಗೆ ಇಸ್ತ್ರಿ ಹಾಕಿ ಚೀಲ ತುಂಬಿಸುತ್ತಿದ್ದಳು. "ರೀ, ಅಲ್ಲಿ ಗಿಡ ಮಾರೋರು ಇರ್ತಾರಂತೆ. ಇದೇ ಜಾತೀದು, ಆದ್ರೆ ಬೇರೆ ಕಡೇದು. ಒಂದು ತಂದುಕೊಡಿ. ನಾನು ನಿಮ್ಮನ್ನ ಇನ್ನೇನೂ ಕೇಳಲ್ಲ" ಅಂದಳು. ಅಕ್ಕ ಗಂಡನನ್ನು ಏನನ್ನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ತಂದ! ಆ ಮಳೆಗಾಲದಲ್ಲಿ ಹೊಸ ಪ್ಲಾಸ್ಟಿಕ್ ಕುಂಡದಲ್ಲಿ ಪಟ್ಟೆಹುಲಿಯನ್ನು ತಂದು ಮೆಟ್ಟಿಲ ಮೇಲಿಟ್ಟ. ಅದರ ಜೊತೆಗೊಂದು ಕಥೆಯನ್ನೂ ತಂದ. ಕಡಲಿಗೆ ಹತ್ತಿದ ಒಂದು ತೋಟ, ಅದರಲ್ಲೊಬ್ಬ ಕಿವುಡ ಮುದುಕ. ಭಾವ ಹುಲಿ ಎಂದರೆ ಅವನು ಇಲಿ ಔಷಧ ತಂದುಕೊಟ್ಟನಂತೆ. ಚೌಕಾಸಿ ಮಾಡಿದ್ದು, ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಮೇಲೆ ಟವೆಲ್ ಹೊದಿಸಿದ್ದು, ಪಕ್ಕದ ಹೆಂಗಸು "ಮಗು ಯಾಕೆ ಅಳ್ತಾನೇ ಇಲ್ಲ?" ಎಂದು ಕೇಳಿದ್ದು. ಭಾವ ಇದನ್ನು ಅಭಿನಯಿಸಿ ತೋರಿಸುತ್ತಿದ್ದ. ಕಿವುಡನಾಗುತ್ತಿದ್ದ, ಹೆಂಗಸಾಗುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮನೆಗೆ ಯಾರೇ ಬಂದರೂ ಅಕ್ಕನೇ "ರೀ, ಆ ಗಿಡದ ಕಥೆ ಹೇಳ್ರಿ" ಎನ್ನುತ್ತಿದ್ದಳು. ಕೇಳುವಾಗ ಅವಳ ಮುಖ ನೋಡಬೇಕಿತ್ತು. ತನಗಾಗಿ ಒಬ್ಬ ಗಂಡಸು ಅಷ್ಟು ದೂರದಿಂದ ಒಂದು ಕುಂಡವನ್ನು ತೊಡೆಯ ಮೇಲೆ ಹೊತ್ತು ತಂದ ಅನ್ನುವುದು ಅವಳ ಪಾಲಿಗೆ ಒಡವೆಗಿಂತ ಹೆಚ್ಚಾಗಿತ್ತು.

ಕೆಲವು ವರ್ಷಕ್ಕೆ ಆ ಗಿಡವೂ ಹೂ ಬಿಟ್ಟಿತು. ಅಕ್ಕ ಮಷಿನ್ ಧೂಳು ಹೊಡೆಯುವ ಮೆತ್ತನೆ ಬ್ರಶ್ಶನ್ನು ಹೊಸದೊಂದು ತೆಗೆದಿರಿಸಿಕೊಂಡಿದ್ದಳು. ಇದರ ಹೂವಿನಲ್ಲಿ ಗಂಡು ಭಾಗ ಮೊದಲು ಬಲಿಯುತ್ತದೆ, ಪರಾಗ ಉದುರಿದ ಮೇಲೆ ಹೆಣ್ಣು ಭಾಗ ಹೊರಗೆ ಚಾಚುತ್ತದೆ. ಹಾಗಾಗಿ ಇವತ್ತು ಈ ಹೂವಿನಿಂದ ತೆಗೆದು ನಿನ್ನೆ ಮೊನ್ನೆ ಅರಳಿದ ಆ ಹೂವಿಗೆ ಮುಟ್ಟಿಸಬೇಕು. ಅಕ್ಕ ಕೆಲಸಕ್ಕೆ ಬರುವ ಮುಂಚೆ ತನ್ನ ಮನೆಯ ಮಹಡಿಯ ಮೇಲೆ ಬಗ್ಗಿ ನಿಂತು ಇದನ್ನು ಮಾಡುತ್ತಿದ್ದಳು. ಭಾವ ಸ್ಟೂಲು ತಂದು ಹಾಕುತ್ತಿದ್ದ, ಬಿಸಿಲು ಬೀಳದಂತೆ ಪೇಪರ್ ಅಡ್ಡ ಹಿಡಿಯುತ್ತಿದ್ದ. ತಂಗಿ ಚಹಾ ಹೊತ್ತಿಗೆ ಬಂದು "ಈ ಸಲ ಆಗುತ್ತೆ ಬಿಡಕ್ಕಾ" ಎಂದು ಸಮಾಧಾನ ಹೇಳುತ್ತಿದ್ದಳು.

ಆಗಲಿಲ್ಲ. ಹೂಗಳು ಒಂದೊಂದಾಗಿ ಬಾಡಿ ಉದುರಿ ಬರೀ ಕಡ್ಡಿ ಉಳಿಯುತ್ತಿತ್ತು. ಮುಂದಿನ ವರ್ಷವೂ ಅಷ್ಟೇ, ಅದರ ಮುಂದಿನ ವರ್ಷವೂ ಅಷ್ಟೇ. ಇರುವೆ ಕಾರಣ ಅಂದಳು, ಬಿಸಿ ಗಾಳಿ ಅಂದಳು, ಮಣ್ಣು ಬದಲಾಯಿಸಿದಳು. ಕೊನೆಗೆ "ನನ್ನ ಕೈ ಸರಿಯಿಲ್ಲ ಕಣೇ. ಅವರು ಅಷ್ಟು ಕಷ್ಟಪಟ್ಟು ತಂದ್ರು, ನನ್ನ ಕೈಲಿ ಆಗ್ತಿಲ್ಲ" ಎಂದು ತನ್ನನ್ನೇ ಅಂದುಕೊಂಡಳು. ಪಾಪ, ಊಟದ ಡಬ್ಬಿ ಮುಚ್ಚಿ ಒಂದು ಮಧ್ಯಾಹ್ನ ಇದಕ್ಕಾಗಿ ಅತ್ತೂ ಅತ್ತಳು.

ಒಂದು ಚಳಿಗಾಲದ ಕೊನೆಯಲ್ಲಿ ಹೊಸ ಯೂನಿಫಾರ್ಮಿನ ಅಳತೆ ಕೊಡಲು ಒಬ್ಬ ಹೆಡ್‌ಮಿಸ್ ನಮ್ಮ ಮಹಡಿಗೆ ಬಂದರು. ಅಕ್ಕನ ಮಷಿನ್ ಮೇಲೆ ಉದುರಿದ ಹೂವೊಂದು ಇತ್ತು. "ಅರೆ, ಇದು ನಮ್ಮನೇಲೂ ಇದೆಯಲ್ಲಾ! ಬೀಜ ತರಿಸಿ ಬೆಳೆಸಿದ್ದು ನಾನು" ಅಂದರು. ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಮಾರನೇ ದಿನವೇ ಹೆಡ್‌ಮಿಸ್ಸಿನ ಹೂ ಬಿಟ್ಟ ಕುಂಡ ಆಟೋದಲ್ಲಿ ಅಕ್ಕನ ಮನೆಗೆ ಬಂತು.

ಹೊಲಿಗೆಯವಳ ಬುದ್ಧಿ ನೋಡಿ. ಅಕ್ಕ ತನ್ನ ಎರಡು ಗಿಡಗಳ ಒಂದೊಂದು ಹೂವಿಗೂ ದಾರ ಕಟ್ಟಿದಳು. ಎಂದಿನಂತೆ ಒಂದಕ್ಕೊಂದು ಪರಾಗ ಮುಟ್ಟಿಸಿದ ಹೂಗಳಿಗೆ ಕೆಂಪು ದಾರ. ಹೆಡ್‌ಮಿಸ್ಸಿನ ಗಿಡದ ಪರಾಗ ಮುಟ್ಟಿಸಿದ ಹೂಗಳಿಗೆ ಬಿಳಿ ದಾರ. ಎರಡು ಗಿಡಗಳಲ್ಲೂ ಎರಡು ಬಣ್ಣ.

ಒಂದು ಬೆಳಿಗ್ಗೆ ಅವಳು ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಬಿಳಿ ದಾರದ ಕಡೆಯಲ್ಲೆಲ್ಲ ಪುಟಾಣಿ ಹಸಿರು ಕಾಯಿ, ಮೂರು ಉಬ್ಬಿನದು, ಗಟ್ಟಿಯಾಗಿ ನಿಂತಿತ್ತು. ತಾಯಿಗಿಡದಲ್ಲೂ ಇತ್ತು, ಕಡಲ ಕಡೆಯಿಂದ ಬಂದ ಗಿಡದಲ್ಲೂ ಇತ್ತು. ಕೆಂಪು ದಾರಗಳು ಖಾಲಿ ತೊಟ್ಟಿನಲ್ಲಿ ನೇತಾಡುತ್ತಿದ್ದವು.

ನಾನು ಕುಣಿದಾಡಿಬಿಟ್ಟೆ. "ಅಕ್ಕಾ! ಆಯ್ತಲ್ಲೇ! ಸಿಹಿ ಹಂಚು!" ಅಂದೆ.

ಅವಳ ಮುಖ ನೋಡಿ ನನ್ನ ಕುಣಿತ ನಿಂತಿತು.

"ಎರಡೂ ಗಿಡ ಗಟ್ಟಿಮುಟ್ಟಾಗಿವೆ" ಅಂದಳು. "ಮಿಸ್ಸಿನ ಗಿಡದ ಜೊತೆ ಎರಡೂ ಕಾಯಿ ಕಟ್ಟಿವೆ. ನನ್ನ ಕೈಯಲ್ಲೂ ದೋಷ ಇಲ್ಲ. ಇಷ್ಟು ವರ್ಷ ಅವೆರಡೂ ಒಂದಕ್ಕೊಂದು ಮಾತ್ರ ಸೇರಲಿಲ್ಲ. ಯಾಕೆ ಹೇಳು?"

ನಾನು ಕೆಂಪು ದಾರಗಳನ್ನು ಮತ್ತೊಮ್ಮೆ ನೋಡಿದೆ.

"ಯಾಕಂದ್ರೆ ಅವೆರಡಲ್ಲ. ಒಂದೇ."

ಆ ದಿನ ಅಕ್ಕ ಒಂದು ಕಾಲರನ್ನು ತಿರುಗುಮುರುಗಾಗಿ ಹೊಲಿದಳು. ಇಡೀ ಮಹಡಿಯಲ್ಲಿ ಯಾರೂ ಅಂಥದ್ದನ್ನು ಹಿಂದೆ ನೋಡಿರಲಿಲ್ಲ.

ಭಾನುವಾರ ಚಹಾಕ್ಕೆಂದು ಹೆಡ್‌ಮಿಸ್ಸನ್ನು, ತಂಗಿಯನ್ನು, ನನ್ನನ್ನು ಕರೆದಳು. ಭಾವ ಮನೆಯಲ್ಲೇ ಇದ್ದ. ಮಹಡಿಯ ಮೇಲೆ ಚಾಪೆ ಹಾಸಿ ಕೂತೆವು, ಕುಂಡಗಳು ಪಕ್ಕದಲ್ಲೇ. ಅಕ್ಕ ಎಲ್ಲರಿಗೂ ಲೋಟ ಕೊಟ್ಟು, "ರೀ, ಮಿಸ್ಸಿಗೆ ಆ ಗಿಡದ ಕಥೆ ಹೇಳ್ರಿ. ಅವರು ಕೇಳಿಲ್ಲ" ಅಂದಳು.

ಹೇಳಿದ ಪುಣ್ಯಾತ್ಮ! ಕಿವುಡ ಮುದುಕನಾದ, ಇಲಿ ಔಷಧ ತಂದ, ಟವೆಲ್ ಹೊದಿಸಿದ. ಹೆಡ್‌ಮಿಸ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಂಗಿಯೂ ನಕ್ಕಳು. ಅಕ್ಕ ಪೂರ್ತಿ ಕೇಳಿದಳು, ನಡುವೆ ತಡೆಯಲಿಲ್ಲ. ಆಮೇಲೆ ಹೆಡ್‌ಮಿಸ್ಸಿಗೆ ಕೆಂಪು ದಾರ, ಬಿಳಿ ದಾರ ತೋರಿಸಿದಳು. ಅವರು ಬಗ್ಗಿ ಒಂದೊಂದೇ ದಾರ ನೋಡಿದರು. ಗಿಡ ಬಲ್ಲವರು, ಅರ್ಥವಾಗಿತ್ತು. "ಒಂದೇ ಕಾಯಲ್ಲಿ ಹುಟ್ಟಿದ ಅಕ್ಕತಂಗಿ ಗಿಡ ಆದ್ರೂ ಒಮ್ಮೊಮ್ಮೆ ಹೀಗಾಗುತ್ತಮ್ಮ. ಅವಸರ ಬೇಡ" ಎಂದು ಮೆಲ್ಲಗೆ ಅಂದರು.

ಅಕ್ಕ ತಂಗಿಯ ಕಡೆ ತಿರುಗಿದಳು. ಸಹಜವಾಗಿ, ಲೋಟ ಎತ್ತಿಡುತ್ತಾ ಕೇಳಿದಳು: "ಅಲ್ವೇ, ಆವಾಗ ನಿನ್ನ ಗಿಡ ಸತ್ತಾಗ, ಆ ಮಣ್ಣಿನ ಕುಂಡ ಏನ್ಮಾಡಿದೆ? ಈ ಬೀಜ ಹಾಕೋಕೆ ಬೇಕಿತ್ತು."

"ಕುಂಡಾನಾ? ಅದನ್ನೂ ಭಾವನೇ ತಗೊಂಡು..."

ಅಷ್ಟೇ. ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತಾ ಹೋದರು. ಹೆಡ್‌ಮಿಸ್ ಎದ್ದು, ಚಪ್ಪಲಿ ಹಾಕಿಕೊಂಡು, ಯಾರಿಗೂ ಹೇಳದೆ ಇಳಿದು ಹೋದರು. ನಾನೂ ಹೋಗಬೇಕಿತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು.

"ಎಲ್ಲಿತ್ತು ಆ ಕಡಲು?" ಎಂದು ಕೇಳಿದಳು ಗಂಡನನ್ನು.

ಆಮೇಲೆ ಬಾಯಿ ಬಿಟ್ಟದ್ದು ತಂಗಿಯೇ, ಅಳುತ್ತಾ. ಕಡಲ ಕಡೆಯ ಅಂಗಡಿಗಳನ್ನು ಕಂಪನಿಯವರು ಯಾವತ್ತೋ ಬೇರೆಯವರಿಗೆ ಕೊಟ್ಟಿದ್ದರು. ಭಾವ ಅದನ್ನು ಅಕ್ಕನಿಗೆ ಹೇಳಲಿಲ್ಲ. ತಿಂಗಳಿಗೊಮ್ಮೆ ಚೀಲ ಹಿಡಿದು ಹೊರಟು, ಬಸ್ ನಿಲ್ದಾಣದವರೆಗೆ ಹೋಗಿ, ಸುತ್ತುಬಳಸಿ ನೀರಿನ ಟ್ಯಾಂಕಿನ ಹಿಂದಿನ ಮನೆಗೆ ಬರುತ್ತಿದ್ದ. ತಂಗಿಯ ಗಂಡನ ಜೊತೆ ಇಸ್ಪೀಟು, ಊಟ, ನಿದ್ದೆ. ಅಕ್ಕ ಗಿಡ ಕೇಳಿದ ಮೇಲೆ ತರದೆ ಗತಿಯಿರಲಿಲ್ಲ. ತಂಗಿಯ ಮನೆಯ ಕಿಟಕಿಯಲ್ಲಿ ಅದೇ ಜಾತಿಯ ಗಿಡವೊಂದು ಕಣ್ಣೆದುರೇ ಇತ್ತು. ಗಿಡ ಅಂದರೆ ಗಿಡ, ಎರಡು ಕುಂಡದಲ್ಲಿದ್ದರೆ ಎರಡು ಗಿಡ, ಅವನ ತಲೆಗೆ ಅಷ್ಟೇ ಹೋದದ್ದು. ಕುಂಡ ಗುರುತು ಸಿಗುತ್ತದೆಂದು ಪ್ಲಾಸ್ಟಿಕ್ಕಿನದಕ್ಕೆ ಬದಲಾಯಿಸಿದ. ತಂಗಿ ಸತ್ತೋಯ್ತು ಎಂದು ಹೇಳುವ ಹೊಣೆ ಹೊತ್ತುಕೊಂಡಳು. ಅಕ್ಕ ತಾನು ಕೊಟ್ಟ ಮರಿಯನ್ನೇ ವಾಪಸು ಇಸಿದುಕೊಂಡು, ಅದನ್ನು ಇಷ್ಟು ವರ್ಷ ಮುತ್ತಿನಂತೆ ನೋಡಿಕೊಂಡಿದ್ದಳು.

"ನನ್ನ ಮನೇಲಿ ಇನ್ನೊಬ್ಬಳು ಯಾರೂ ಇರ್ಲಿಲ್ಲಕ್ಕಾ, ದೇವರಾಣೆ" ಅಂದಳು ತಂಗಿ. ಅದನ್ನು ಸಮಾಧಾನ ಎಂದುಕೊಂಡು ಹೇಳಿದಳು, ಮಂಕುದಿಣ್ಣೆ.

"ಮತ್ಯಾಕೆ?" ಅಂದಳು ಅಕ್ಕ ಗಂಡನನ್ನು.

ಅವನು ಚಾಪೆಯ ಅಂಚು ಕೀಳುತ್ತಾ ಕೂತಿದ್ದ. "ಸುಮ್ನೆ. ಒಂದಿಷ್ಟು ದಿನ... ಸುಮ್ನೆ ಇರ್ಬೇಕು ಅನ್ನಿಸ್ತಿತ್ತು ಕಣೇ. ನಿನ್ನ ಮೇಲೆ ಏನೂ ಸಿಟ್ಟಿಲ್ಲ."

"ನನ್ನಿಂದ ರಜೆ."

ಅವನು ಚಾಪೆಯಿಂದ ಕಿತ್ತ ಎಳೆಯನ್ನು ಬೆರಳಿಗೆ ಸುತ್ತತೊಡಗಿದ.

"ಇನ್ನೊಬ್ಬಳು ಇದ್ದಿದ್ರೆ ಚೆನ್ನಾಗಿತ್ತು" ಅಂದಳು ಅಕ್ಕ. "ಜುಟ್ಟು ಹಿಡಿದು ಜಗಳ ಆಡ್ತಿದ್ದೆ. ಈಗ ಯಾರ ಹತ್ರ ಆಡಲಿ?" ಆಮೇಲೆ ತಂಗಿಯನ್ನು ನೋಡಿದಳು. "ನಾನು ಬ್ರಶ್ ಹಿಡ್ಕೊಂಡು ಬಗ್ಗಿ ನಿಂತಿದ್ದಾಗ ಇವರು ಪೇಪರ್ ಹಿಡಿದ್ರು, ನೀನು ಈ ಸಲ ಆಗುತ್ತೆ ಅಂದೆ. ಪ್ರತಿ ವರ್ಷ. ನಿಮಗೆ ಒಂದು ಸಲಾನೂ ಅಯ್ಯೋ ಅನ್ನಿಸ್ಲಿಲ್ವಾ?"

ತಂಗಿ ಅಕ್ಕನ ಕಾಲು ಹಿಡಿಯಲು ಬಂದಳು. ಅಕ್ಕ ಕಾಲು ಹಿಂದಕ್ಕೆಳೆದುಕೊಂಡು, ಪ್ಲಾಸ್ಟಿಕ್ ಕುಂಡವನ್ನು ಎತ್ತಿದಳು. ಬಿಳಿ ದಾರದ ಕಾಯಿಗಳಿದ್ದ ಕಡ್ಡಿ ಅದರಲ್ಲಿ ಅಲ್ಲಾಡುತ್ತಿತ್ತು. ಒಂದು ಕ್ಷಣ ಬೀದಿಗೆ ಎಸೆಯುತ್ತಾಳೆಂದು ನಾನು ಹೆದರಿದೆ. ಎಸೆಯಲಿಲ್ಲ. ನೆರಳಿಗೆ ಸರಿಸಿ ಇಟ್ಟಳು. "ಇದರದ್ದೇನು ತಪ್ಪು" ಅಂದಳು.

ಅವಳು ಗಂಡನನ್ನು ಮನೆಯಿಂದ ಹೊರಹಾಕಲಿಲ್ಲ, ತಾನೂ ಹೋಗಲಿಲ್ಲ. ನನ್ನ ಕೈಯಲ್ಲಿದ್ದಿದ್ದರೆ ಕಥೆಯೇ ಬೇರೆ ಆಗುತ್ತಿತ್ತು. ತಂಗಿ ಎರಡು ಮೂರು ಸಲ ನಮ್ಮ ಬೇಕರಿ ಮೆಟ್ಟಿಲ ಬುಡದವರೆಗೆ ಬಂದು ನಿಂತಳು. ಅಕ್ಕ ಇಳಿಯಲಿಲ್ಲ, ನಾನೇ ಹೋಗಿ ಕಳಿಸಿ ಬಂದೆ. ಬರುಬರುತ್ತಾ ಅವಳು ಬರುವುದು ನಿಂತುಹೋಯಿತು.

ಮುಂದಿನ ತಿಂಗಳು ಭಾವ ಹೊರಡುವ ದಿನ ಬಂದಾಗ ಅಕ್ಕ ಎಂದಿನಂತೆ ಅಂಗಿಗಳಿಗೆ ಇಸ್ತ್ರಿ ಹಾಕಿದಳು, ಚೀಲ ತುಂಬಿಸಿ ಬಾಗಿಲಲ್ಲಿಟ್ಟಳು. "ಇದೆಲ್ಲ ಯಾಕೆ ಈಗ?" ಎಂದು ಭಾವ ಗೋಗರೆದನಂತೆ. "ನಿಮ್ಮ ಕಡಲ ಕಡೆ ಕೆಲಸ ಇದೆಯಲ್ಲ, ಹೋಗ್ಬನ್ನಿ" ಅಂದು ಬಾಗಿಲು ಹಾಕಿಕೊಂಡಳಂತೆ. ಟ್ಯಾಂಕಿನ ಹಿಂದಿನ ಮನೆಗೆ ಹೋಗಲು ಅವನಿಗೆ ಮುಖವಿಲ್ಲ. ಬೆಳಿಗ್ಗೆ ನಾನು ಕೆಲಸಕ್ಕೆ ಬರುವಾಗ ಅವನು ಬಸ್ ನಿಲ್ದಾಣದ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದ. ಕಂಡೂ ಕಾಣದಂತೆ ಬಂದೆ.

ಇತ್ತ ಕಾಯಿಗಳು ಒಣಗಿ ಮೂರು ಹೋಳಾಗಿ ಬಿರಿದವು. ಒಳಗೆ ಕಂದು ಬಣ್ಣದ ಚಪ್ಪಟೆ ಬೀಜ, ಸುತ್ತಲೂ ತೆಳ್ಳನೆಯ ರೆಕ್ಕೆ, ಉಸಿರು ಬಿಟ್ಟರೆ ಹಾರುವಂಥದ್ದು. ಅಕ್ಕ ಫ್ಯಾನು ಆರಿಸಿ, ಉಸಿರು ಹಿಡಿದು ಮರಳಿನ ಮೇಲೆ ಉದುರಿಸಿದಳು. ಮೊಳಕೆ ಬಂದಾಗ ಹಸಿರು ಸೂಜಿಯಷ್ಟೇ. ದೊಡ್ಡ ಗಿಡಕ್ಕಿರುವ ಮೂರು ಸಾಲು ಸಸಿಗೆ ಇರುವುದಿಲ್ಲ, ಮೊದಲು ಎರಡೇ ಸಾಲಿನಲ್ಲಿ ಎದುರುಬದುರು ಎಲೆ ಬರುತ್ತದೆ. ಅಕ್ಕ ನನಗೆ ಒಂದನ್ನು ಬೆರಳು ಮಾಡಿ ತೋರಿಸಿದಳು. ಉಳಿದವುಗಳ ಮೈಯಲ್ಲಿ ಪಟ್ಟೆ ಮೂಡುತ್ತಿದ್ದರೆ ಇದರಲ್ಲಿ ಪಟ್ಟೆಯೇ ಇಲ್ಲ, ಬಿಳಿ ಚುಕ್ಕೆಗಳು ಮಾತ್ರ, ಒತ್ತೊತ್ತಾಗಿ.

"ಇಂಥದ್ದನ್ನ ಯಾರೂ ನೋಡಿಲ್ಲ" ಅಂದಳು. ಅವಳು ಬಯಸಿದ್ದು ಕೈಗೆ ಸಿಕ್ಕಿತ್ತು. ಖುಷಿಯಾಗಿರಬೇಕು ಎಂದು ನಾನು ಮುಖ ನೋಡಿದೆ. "ಇದನ್ನ ಮೊದಲು ಅವರಿಗೆ ತೋರಿಸಬೇಕು ಅಂತ ಇಷ್ಟು ವರ್ಷ ಕಾದಿದ್ದೆ ಕಣೇ" ಅಂದಳು.

ಚೀಲ ತಿಂಗಳಿಗೊಮ್ಮೆ ಬಾಗಿಲಿಗೆ ಬರುತ್ತಲೇ ಇತ್ತು, ಆ ತಿಂಗಳು ಭಾವ ನಿಜವಾಗಿಯೂ ಬಸ್ ಹತ್ತಿದ್ದ. ಹಿಂದಿರುಗಿ ಬಂದಾಗ ನಾನು ಅಲ್ಲೇ ಇದ್ದೆ. ಬಿಸಿಲಿಗೆ ಕಪ್ಪಾಗಿದ್ದ, ಅಂಗಿ ಮುದುಡಿತ್ತು, ಕೈಯಲ್ಲೊಂದು ಪುಟ್ಟ ಕುಂಡ. ಅದರಲ್ಲಿ ಹೆಬ್ಬೆರಳುದ್ದದ ಪಟ್ಟೆಹುಲಿ. ಈ ಸಲ ಕಥೆಯಿಲ್ಲ, ಅಭಿನಯವಿಲ್ಲ. ಮೆಟ್ಟಿಲ ಮೇಲೆ ಕುಂಡ ಇಟ್ಟು, ಜೇಬಿನಿಂದ ಮಡಿಸಿದ ಬಸ್ ಟಿಕೆಟ್ ತೆಗೆದು ಚಾಚಿದ.

"ನಿಜವಾಗ್ಲೂ ಹೋಗಿದ್ದೆ ಕಣೇ. ತೋಟ ತೋಟ ಅಲೆದೆ. ಬೀಜದಿಂದ ಬೆಳೆಸಿದ್ದಂತೆ, ಕೇಳ್ಕೊಂಡೇ ತಂದೆ. ಟಿಕೆಟ್ ನೋಡು ಬೇಕಿದ್ರೆ."

ನಿಜವೇ ಹೇಳುತ್ತಿದ್ದಾನೆಂದು ನನಗನ್ನಿಸಿತು. ಅಕ್ಕನಿಗೂ ಅನ್ನಿಸಿತೋ ಏನೋ. ಅವಳು ಟಿಕೆಟ್ಟಿನ ಕಡೆ ನೋಡಲಿಲ್ಲ. ಬಗ್ಗಿ ಕುಂಡವನ್ನು ಎತ್ತಿ, ಎಲೆಯ ಅಂಚಿನ ಮೇಲೆ ಬೆರಳಾಡಿಸಿ, ತಾಯಿಗಿಡದ ಪಕ್ಕದಲ್ಲಿ ಜಾಗ ಮಾಡಿ ಇಟ್ಟಳು.

"ಟಿಕೆಟ್ ಎತ್ತಿಡಿ" ಅಂದಳು. "ನೀವು ಸುಳ್ಳು ಹೇಳಿದಾಗ್ಲೂ ನನಗೆ ಗೊತ್ತಾಗ್ಲಿಲ್ಲ, ಈಗ ನಿಜ ಹೇಳ್ತಿದ್ರೂ ಗೊತ್ತಾಗ್ತಿಲ್ಲ. ಇದು ಹೂ ಬಿಡ್ಲಿ. ತಾಯಿಗಿಡಕ್ಕೆ ಇದರ ಪರಾಗ ಮುಟ್ಟಿಸಿ ಕೆಂಪು ದಾರ ಕಟ್ತೀನಿ. ಕಾಯಿ ನಿಂತ್ರೆ, ಆವಾಗ ನಂಬ್ತೀನಿ."

ಅಷ್ಟು ಸಣ್ಣ ಪಟ್ಟೆಹುಲಿ ಹೂ ಬಿಡಬೇಕಾದರೆ ನಾಲ್ಕೈದು ವರ್ಷ ಬೇಕು. ಭಾವ ಈಗ ದಿನಾ ಬೆಳಿಗ್ಗೆ ಮಹಡಿಗೆ ಹೋಗಿ ಅದರ ಮುಂದೆ ಕೂರುತ್ತಾನಂತೆ. ನೀರು ಹಾಕಲು ಅಕ್ಕ ಬಿಡುವುದಿಲ್ಲ.